ಆಕ್ಟೇವಿಯಾ ಆರ್‌ಎಸ್ 230 ಮೇಲೆ ಮನಸ್ಸಾಗಿದೆ, ತಗೊಳ್ಳಲಾ?

ಪ್ರಶ್ನೆ: ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ, ವಯಸ್ಸು 41. ಮನೆಯ ಓಡಾಟಕ್ಕೆ ಒಂದು ಡೀಸೆಲ್ ಎಸ್‌ಯುವಿ ಇದೆ. ಸ್ಕೋಡಾ ಆಕ್ಟೇವಿಯಾ ಕಾರಿನ ಹೆಚ್ಚು ಶಕ್ತಿಯ ಮಾದರಿ ಆರ್‌ಎಸ್ 230 ಬಂದಾಗಿನಿಂದ ಅದರ ಮೇಲೆ ಆಸೆ. ಆಗ ಆಗಲಿಲ್ಲ. ಈಗ ಬೆಂಗಳೂರಿನಲ್ಲಿ 2018ರ ಒಂದು ಕಾರು ಮಾರಾಟಕ್ಕಿದೆ. ಕರ್ನಾಟಕದ್ದೇ ನೋಂದಣಿ, 64,000 ಕಿ.ಮೀ. ಓಡಿದೆ, ಮಾರುತ್ತಿರುವವರು ಎರಡನೇ ಮಾಲೀಕರು. 21 ಲಕ್ಷ ಕೇಳುತ್ತಿದ್ದಾರೆ. "ಸ್ಟೇಜ್ 1 ರೀಮ್ಯಾಪ್ ಮಾಡಿಸಿದ್ದೆ, ಈಗ ವಾಪಸ್ ಸ್ಟಾಕ್‌ಗೆ ತಂದಿದ್ದೇನೆ" ಅಂತಾರೆ, ಅಂದರೆ ಸಾಫ್ಟ್‌ವೇರ್ ಬದಲಿಸಿ ಎಂಜಿನ್ ಶಕ್ತಿ ಏರಿಸಿ, ಆಮೇಲೆ ಕಂಪನಿ ಕೊಟ್ಟ ಹಾಗೇ ಮಾಡಿದ್ದಾರಂತೆ. ಶೋರೂಂ ಸರ್ವೀಸ್ ದಾಖಲೆ 45,000 ಕಿ.ಮೀ.ವರೆಗೆ ಮಾತ್ರ ಇದೆ. "ಡಿಎಸ್‌ಜಿ ಗೇರ್‌ಬಾಕ್ಸ್ ಹೋಗೇ ಹೋಗುತ್ತದೆ, ಸ್ಕೋಡಾಗೆ ರೀಸೇಲ್ ಇಲ್ಲ" ಅಂತ ನನ್ನ ಭಾವ. "ಲಿಮಿಟೆಡ್ ಎಡಿಷನ್ ಅದು, ಚಿನ್ನ ಇದ್ದ ಹಾಗೆ, ರೇಟು ಏರುತ್ತಲೇ ಹೋಗುತ್ತದೆ" ಅಂತ ಗೆಳೆಯ. ನಮಗೆ ಸರ್ವೀಸ್ ಅಂದರೆ ಹುಬ್ಬಳ್ಳಿಗೇ ಹೋಗಬೇಕು. ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಬೆರೆತಿವೆ. ಕಾರು ದಾರಿಯಲ್ಲಿ ಕೈಕೊಡುತ್ತದಾ ಅನ್ನೋದು ಒಂದು. ಹಾಕಿದ ದುಡ್ಡು ವಾಪಸ್ ಬರುತ್ತದಾ ಅನ್ನೋದು ಇನ್ನೊಂದು. ಭಾವ ಮೊದಲನೆಯದನ್ನು ಇರೋದಕ್ಕಿಂತ ದೊಡ್ಡದು ಮಾಡಿದ್ದಾರೆ. ಗೆಳೆಯ ಎರಡನೆಯದನ್ನು ಇಲ್ಲವೇ ಇಲ್ಲ ಅಂದಿದ್ದಾರೆ. ಹಳೇ ಕಾರುಗಳ ತಪಾಸಣೆ ನನ್ನ ವೃತ್ತಿ, ಈ ಎರಡೂ ಮಾತನ್ನು ನಾನು ದಿನಾ ಕೇಳುತ್ತೇನೆ. ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತಿದ್ದು ಮಾತ್ರ ಬೇರೆ ಕಡೆ: 45,000 ಮತ್ತು 64,000 ಅನ್ನೋ ಎರಡು ಸಂಖ್ಯೆಗಳ ನಡುವೆ. ಅದಕ್ಕೆ ಬರುತ್ತೇನೆ.

ಮೊದಲು ಭಾವನ ಮಾತು. ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್, ಒಂದೇ ಗೇರ್‌ಬಾಕ್ಸ್ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ನಮ್ಮಲ್ಲಿ ಹೆಸರು ಕೆಡಿಸಿಕೊಂಡಿದ್ದು ಡಿಕ್ಯು200 ಅನ್ನೋ ಏಳು ಗೇರಿನದು. ಅದರ ಕ್ಲಚ್‌ಗಳು ಒಣ ಕ್ಲಚ್, ಎಣ್ಣೆಯಲ್ಲಿ ಮುಳುಗಿರೋದಿಲ್ಲ. ಬೆಂಗಳೂರಿನಂಥ ಟ್ರಾಫಿಕ್ಕಿನಲ್ಲಿ ಇಂಚಿಂಚು ಮುಂದೆ ಹೋಗುವಾಗ ಬಿಸಿ ಏರುತ್ತದೆ, ಬೇಗ ಸವೆಯುತ್ತದೆ. ಅದರ ಮೆಕಾಟ್ರಾನಿಕ್ ಯೂನಿಟ್, ಅಂದರೆ ಗೇರ್ ಬದಲಿಸುವ ಮಿದುಳು, ಬಿಸಿ ಮತ್ತು ತೇವದ ಹವೆ ಇರೋ ದೇಶಗಳಲ್ಲಿ ಶಾರ್ಟ್ ಆಗಿ ಕೈಕೊಡುತ್ತಿತ್ತು. 2013ರಲ್ಲಿ, ಸ್ಕೋಡಾ ಕೂಡ ಸೇರಿರುವ ಫೋಕ್ಸ್‌ವ್ಯಾಗನ್ ಗುಂಪು ಪ್ರಪಂಚದಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆದು, ಈ ಗೇರ್‌ಬಾಕ್ಸಿನ ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಿಕೊಟ್ಟಿತು. ಆಕ್ಟೇವಿಯಾ 1.8 ಟಿಎಸ್‌ಐ, ಪೋಲೋ ಜಿಟಿ ಟಿಎಸ್‌ಐಗಳಲ್ಲಿ ಇದ್ದದ್ದು ಇದೇ. ನಿಮ್ಮ ಭಾವ ಯಾರದೋ ಕಾರಿನಲ್ಲಿ ಈ ಕಷ್ಟ ಕಣ್ಣಾರೆ ನೋಡಿರಬೇಕು. ಅವರ ಮಾತಿಗೆ ಆಧಾರ ಇದೆ.

ಆದರೆ ಆರ್‌ಎಸ್ 230ನಲ್ಲಿ ಇರೋದು ಡಿಕ್ಯು250. ಆರು ಗೇರು, ಕ್ಲಚ್‌ಗಳು ಎಣ್ಣೆಯಲ್ಲೇ ಓಡುತ್ತವೆ. ಇದು ಗಟ್ಟಿ ಗೇರ್‌ಬಾಕ್ಸ್. ಸರಿಯಾಗಿ ನೋಡಿಕೊಂಡರೆ ದೊಡ್ಡ ಖರ್ಚಿಲ್ಲದೆ ಲಕ್ಷ ಕಿ.ಮೀ. ದಾಟುತ್ತದೆ. ಸರಿಯಾಗಿ ನೋಡಿಕೊಳ್ಳೋದು ಅಂದರೆ ಮುಖ್ಯವಾಗಿ ಒಂದೇ ಕೆಲಸ: 60,000 ಕಿ.ಮೀ.ಗೆ ಗೇರ್‌ಬಾಕ್ಸ್ ಎಣ್ಣೆ ಮತ್ತು ಫಿಲ್ಟರ್ ಬದಲಿಸಬೇಕು. ಕ್ಲಚ್ ಸವೆದ ಪುಡಿ ಎಣ್ಣೆಗೆ ಸೇರುತ್ತದೆ. ಅದೇ ಎಣ್ಣೆ ಮೆಕಾಟ್ರಾನಿಕ್ಕಿನ ಸಣ್ಣ ಸಣ್ಣ ವಾಲ್ವ್‌ಗಳಲ್ಲೂ ಹರಿಯುತ್ತದೆ. ಎಣ್ಣೆ ಬದಲಿಸದೆ ಬಿಟ್ಟರೆ ಕೆಡೋದು ಕ್ಲಚ್ ಒಂದೇ ಅಲ್ಲ.

ಈಗ ಆ ಎರಡು ಸಂಖ್ಯೆ ನೋಡಿ. ದಾಖಲೆ 45,000ಕ್ಕೆ ನಿಂತಿದೆ. ಕಾರು 64,000ದಲ್ಲಿದೆ. ಇಡೀ ಕಾರಿನ ಅತಿ ಮುಖ್ಯವಾದ ಸರ್ವೀಸ್ ಆಗಬೇಕಿದ್ದದ್ದು ಈ ಮಧ್ಯದಲ್ಲೇ. ಮಾಡಿಸಿದ್ದರೆ ಬಿಲ್ ಇರಬೇಕು. ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದ್ದರೂ ಪರವಾಗಿಲ್ಲ, ಬೆಂಗಳೂರಿನಲ್ಲಿ ಈ ಗೇರ್‌ಬಾಕ್ಸ್ ಬಲ್ಲ ಒಳ್ಳೆಯ ಗ್ಯಾರೇಜುಗಳಿವೆ. ಬಿಲ್ಲಿನಲ್ಲಿ ಯಾವ ಎಣ್ಣೆ, ಎಷ್ಟು ಲೀಟರ್, ಫಿಲ್ಟರ್ ಹಾಕಿದರಾ, ಆಗ ಎಷ್ಟು ಕಿ.ಮೀ. ಆಗಿತ್ತು ಅಂತ ಇರಬೇಕು. "ಮಾಡಿಸಿದೀನಿ ಸರ್, ಬಿಲ್ ಎಲ್ಲೋ ಇದೆ" ಅಂದರೆ ಮಾಡಿಸಿಲ್ಲ ಅಂತಲೇ ತಿಳಿದು ಲೆಕ್ಕ ಹಾಕಿ.

ಇದರ ಮೇಲೆ ರೀಮ್ಯಾಪ್ ಬೇರೆ. ನನಗೆ ನಿಜವಾಗಿ ಚಿಂತೆ ಕೊಡುವ ವಿಷಯ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಕಾರಿನ 2.0 ಟಿಎಸ್‌ಐ ಎಂಜಿನ್ ಕಂಪನಿಯಿಂದ ಬರುವಾಗ 230 ಪಿಎಸ್ ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಡಿಕ್ಯು250 ಗೇರ್‌ಬಾಕ್ಸನ್ನು ರೂಪಿಸಿದ್ದೂ ಸುಮಾರು ಅಷ್ಟೇ ಟಾರ್ಕಿಗೆ. ಸ್ವಲ್ಪ ಜಾಸ್ತಿ ತಡೆಯುವ ತಾಕತ್ತು ಇಟ್ಟಿರುತ್ತಾರೆ, ನಿಜ. ಸ್ಟೇಜ್ 1 ಅಂದರೆ ಬರೀ ಸಾಫ್ಟ್‌ವೇರ್ ಬದಲಾವಣೆ. ಟರ್ಬೋ ಒತ್ತಡ ಏರಿಸುತ್ತಾರೆ, ಟಾರ್ಕ್ ಸುಲಭವಾಗಿ 400 ದಾಟುತ್ತದೆ. ಗೇರ್‌ಬಾಕ್ಸಿನ ಸಾಫ್ಟ್‌ವೇರನ್ನೂ ಜೊತೆಗೆ ಬದಲಿಸಿ, ಕ್ಲಚ್ ಒತ್ತಡ ಹೆಚ್ಚಿಸಿದ್ದರೆ ಒಂದು ಮಾತು. ಎಂಜಿನ್ ಮಾತ್ರ ಮ್ಯಾಪ್ ಮಾಡಿ ಬಿಟ್ಟಿದ್ದರೆ ಕ್ಲಚ್ ಜಾರಿಕೊಂಡೇ ಓಡಿರಬಹುದು. ಸಾಫ್ಟ್‌ವೇರನ್ನು ವಾಪಸ್ ಸ್ಟಾಕ್‌ಗೆ ತರೋದು ಅರ್ಧ ಗಂಟೆಯ ಕೆಲಸ. ಸವೆದ ಕ್ಲಚ್ ಪ್ಲೇಟು ಅದರಿಂದ ವಾಪಸ್ ಬರೋದಿಲ್ಲ.

ರೀಮ್ಯಾಪ್ ಮಾಡಿಸಿದವರೆಲ್ಲ ಕಾರು ಹಾಳು ಮಾಡಿದವರು ಅಂತ ನಾನು ಹೇಳುತ್ತಿಲ್ಲ. ಈ ಕಾರು ಕೊಂಡವರಲ್ಲಿ ತುಂಬಾ ಜನ ಅಕ್ಕರೆಯಿಂದ ನೋಡಿಕೊಂಡವರು. ಹತ್ತು ಸಾವಿರ ಕಿ.ಮೀ.ಗೇ ಎಂಜಿನ್ ಎಣ್ಣೆ ಬದಲಿಸಿ, ಪ್ರತಿ ಬಿಲ್ಲನ್ನೂ ಫೈಲಿನಲ್ಲಿ ಇಟ್ಟವರಿದ್ದಾರೆ. ನಿಮ್ಮ ಮಾರಾಟಗಾರರು ರೀಮ್ಯಾಪ್ ವಿಷಯ ತಾವೇ ಹೇಳಿದ್ದಾರೆ, ಮುಚ್ಚಿಡಲಿಲ್ಲ. ಅದು ಅವರ ಪರವಾಗಿ ಒಂದು ಮಾತು. ಹಾಗಾದರೆ ಮುಂದಿನ ಪ್ರಶ್ನೆಗಳಿಗೂ ಉತ್ತರ ಸಿಗಬೇಕು. ಯಾರ ಹತ್ತಿರ ಮಾಡಿಸಿದ್ದು? ಯಾವಾಗ? ಗೇರ್‌ಬಾಕ್ಸ್ ಸಾಫ್ಟ್‌ವೇರ್ ಕೂಡ ಬದಲಾಗಿತ್ತಾ? ಎಷ್ಟು ಸಾವಿರ ಕಿ.ಮೀ. ಹಾಗೆ ಓಡಿಸಿದರು?

ಎಂಜಿನ್ ಬಗ್ಗೆಯೂ ಒಂದು ಹಳೇ ಮಾತಿದೆ: ಇದು ಎಣ್ಣೆ ಕುಡಿಯುತ್ತದೆ, ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಮುರಿಯುತ್ತದೆ ಅಂತ. ಇಎ888 ಅನ್ನೋ ಈ ಎಂಜಿನ್ ಕುಟುಂಬದ ಹಿಂದಿನ ತಲೆಮಾರುಗಳಿಗೆ ಆ ಮಾತು ಸರಿ. ಆರ್‌ಎಸ್ 230ನಲ್ಲಿರೋದು ಮೂರನೇ ತಲೆಮಾರು. ಆ ದೋಷಗಳನ್ನು ಇದರಲ್ಲಿ ಬಹುಮಟ್ಟಿಗೆ ಸರಿಪಡಿಸಿದ್ದಾರೆ. ಇದಕ್ಕೆ ಇರೋದು ಬೇರೆ ಕಾಯಿಲೆ. ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಎರಡನ್ನೂ ಒಂದೇ ಪ್ಲಾಸ್ಟಿಕ್ ಹೌಸಿಂಗಿನಲ್ಲಿ ಇಟ್ಟಿದ್ದಾರೆ. ಬಿಸಿ ತಿಂದು ತಿಂದು ಆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಎಂಜಿನ್ ತಣ್ಣಗಿಡುವ ದ್ರವ, ಕೂಲಂಟ್, ಸಣ್ಣಗೆ ಸೋರುತ್ತದೆ. ನೆಲದ ಮೇಲೆ ಹನಿ ಕಾಣೋದಿಲ್ಲ. ಬಿಸಿ ಎಂಜಿನ್ ಮೇಲೇ ಒಣಗಿಬಿಡುತ್ತದೆ. ಮಾಲೀಕರಿಗೆ ಗೊತ್ತಾಗೋದು ಒಂದೇ ರೀತಿ: ಆಗಾಗ ಕೂಲಂಟ್ ಹಾಕಬೇಕಾಗುತ್ತದೆ, ನಿಲ್ಲಿಸಿದ ಮೇಲೆ ಬಾನೆಟ್ ಹತ್ತಿರ ಸಿಹಿ ವಾಸನೆ ಬರುತ್ತದೆ.

ಇದನ್ನು ನೀವೇ ನೋಡಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ. ಮಾರುವವರು ನೀವು ಬರೋಕೆ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಡಬಾರದು ಅಂತ ಮುಂಚೆಯೇ ಹೇಳಿ. ಒಂದು ಟಾರ್ಚ್, ಕಡ್ಡಿಗೆ ಸಿಕ್ಕಿಸಿದ ಒಂದು ಪುಟ್ಟ ಕನ್ನಡಿ ಸಾಕು. ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ, ಗೇರ್‌ಬಾಕ್ಸ್ ಇರೋ ಬದಿಗೆ ಕನ್ನಡಿ ಹಿಡಿದು ಬೆಳಕು ಬಿಡಿ. ಗುಲಾಬಿ ಬಣ್ಣದ ಪುಡಿ, ಉಪ್ಪು ಕಟ್ಟಿದ ಹಾಗೆ ಅಂಟಿಕೊಂಡಿದ್ದರೆ ಸೋರಿಕೆ ಶುರುವಾಗಿದೆ. ಆ ಜಾಗ ಒಂದೇ ತೊಳೆದು ಫಳಫಳ ಹೊಳೆಯುತ್ತಿದ್ದು, ಸುತ್ತಮುತ್ತ ಧೂಳಿದ್ದರೆ ಅದೂ ಒಂದು ಸುಳಿವೇ. ಇದು ಕಾರು ಬಿಡುವಷ್ಟು ದೊಡ್ಡ ವಿಷಯ ಅಲ್ಲ. ಇಡೀ ಹೌಸಿಂಗ್ ಬದಲಿಸಿದರೆ ಮುಗಿಯಿತು. ಚೌಕಾಸಿಗೆ ಒಳ್ಳೆಯ ಕಾರಣ. ಗೊತ್ತಿಲ್ಲದೆ ಘಾಟಿ ಹತ್ತಿಸಿ ಎಂಜಿನ್ ಕಾಯಿಸಿದರೆ ಮಾತ್ರ ದೊಡ್ಡ ಖರ್ಚು.

ಆಮೇಲೆ ಸ್ಟಾರ್ಟ್ ಮಾಡಿಸಿ. ನ್ಯೂಟ್ರಲ್ಲಿನಲ್ಲಿ ನಿಂತಾಗ ಗೇರ್‌ಬಾಕ್ಸ್ ಕಡೆಯಿಂದ ಕಟಕಟ ಸದ್ದು ಬರುತ್ತದಾ ಕೇಳಿ. ಬಂದರೆ ಎಂಜಿನ್ನಿನ ನಡುಕ ಗೇರ್‌ಬಾಕ್ಸಿಗೆ ತಾಗದ ಹಾಗೆ ತಡೆಯುವ ಡ್ಯುಯಲ್ ಮಾಸ್ ಫ್ಲೈವೀಲ್ ಸವೆದಿರಬಹುದು, ಅದರ ಖರ್ಚು ಜಾಸ್ತಿ. ಸಣ್ಣ ಏರಿನಲ್ಲಿ ನಿಲ್ಲಿಸಿ ನಿಧಾನಕ್ಕೆ ಮುಂದೆ, ಹಿಂದೆ ತೆಗೆಯಿರಿ. ಜರ್ಕ್ ಇರಬಾರದು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆರ್‌ಪಿಎಂ ಮುಳ್ಳು ಮೇಲೆ ಹಾರಿ, ವೇಗ ಅದಕ್ಕೆ ತಕ್ಕಂತೆ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಇಷ್ಟು ನಿಮ್ಮ ಕೈಲಾಗುತ್ತದೆ. ಸ್ಕ್ಯಾನ್ ಮಾತ್ರ ತಿಳಿದವರ ಕೈಲೇ ಮಾಡಿಸಿ. ಈ ಗುಂಪಿನ ಕಾರುಗಳನ್ನು ಓದುವ ವಿಸಿಡಿಎಸ್ ಸಾಫ್ಟ್‌ವೇರ್ ಅಥವಾ ಕಂಪನಿಯ ಸ್ವಂತ ಸಾಧನದಲ್ಲಿ ಎಲ್ಲ ಮಾಡ್ಯೂಲ್‌ಗಳನ್ನೂ, ಅಂದರೆ ಕಾರಿನ ಪುಟ್ಟ ಕಂಪ್ಯೂಟರುಗಳನ್ನೂ, ಓದಿಸಬೇಕು. ಬರೀ ಎಂಜಿನ್ ಲೈಟ್ ನೋಡುವ ಅಗ್ಗದ ಡಬ್ಬಿ ಸಾಲದು. ಕ್ಲಚ್ ಸವೆದ ಹಾಗೆ ಗೇರ್‌ಬಾಕ್ಸ್ ತಾನೇ ಹೊಂದಿಸಿಕೊಳ್ಳುವ ಅಡಾಪ್ಟೇಷನ್ ಅಳತೆಗಳು ಎಷ್ಟು ದೂರ ಹೋಗಿವೆ ಅಂತ ಅಲ್ಲಿ ಕಾಣುತ್ತದೆ. ಹಳೆಯ ದೋಷಗಳು ದಾಖಲಾಗಿದ್ದರೆ, ಆ ದೋಷ ಬಂದಾಗ ಎಷ್ಟು ಕಿ.ಮೀ. ಆಗಿತ್ತು ಅನ್ನೋದೂ ಪಕ್ಕದಲ್ಲೇ ಇರುತ್ತದೆ. ಮೀಟರಿನಲ್ಲಿ 64,000 ಇದ್ದು, ದೋಷದ ಪಕ್ಕ 80,000 ಅಂತಿದ್ದರೆ ಮುಂದೆ ಮಾತೇ ಬೇಡ. ಎಲ್ಲವನ್ನೂ ಹಿಂದಿನ ದಿನ ತಾನೇ ಅಳಿಸಿದ ಹಾಗಿದ್ದರೆ ಕಾರಣ ಕೇಳಿ.

ಇನ್ನು ಗೆಳೆಯನ ಮಾತು. ಚಿನ್ನಕ್ಕೆ ಎಣ್ಣೆ ಬದಲಿಸಬೇಕಾಗಿಲ್ಲ, ವಿಮೆ ಕಟ್ಟಬೇಕಾಗಿಲ್ಲ. ಈ ಕಾರು ಬೆಲೆ ಉಳಿಸಿಕೊಂಡಿರೋದು ಮಾತ್ರ ನಿಜ, ಅದನ್ನು ಅಲ್ಲಗಳೆಯಲ್ಲ. 2017ರಲ್ಲಿ ಬಂದಾಗ ಎಕ್ಸ್ ಶೋರೂಂ ಬೆಲೆ 24.62 ಲಕ್ಷ. ತಂದಿದ್ದು 500ರಷ್ಟು ಮಾತ್ರ. ಇಷ್ಟು ವರ್ಷದ ಮೇಲೂ 21 ಲಕ್ಷ ಕೇಳುತ್ತಿದ್ದಾರೆ ಅಂದರೆ ಮಾಮೂಲಿ ಕಾರಿನ ಕಥೆ ಅಲ್ಲ ಇದು. "ಸ್ಕೋಡಾಗೆ ರೀಸೇಲ್ ಇಲ್ಲ" ಅನ್ನೋ ಭಾವನ ಮಾತು ಮಾಮೂಲಿ ಆಕ್ಟೇವಿಯಾಗೆ ಸರಿ, ಇದಕ್ಕೆ ಒಪ್ಪೋದಿಲ್ಲ.

ಯಾಕೆ ಹೀಗಾಯಿತು ಅಂತ ನೋಡಿ. ಸಂಖ್ಯೆ ಕಡಿಮೆ ಅನ್ನೋದು ಒಂದೇ ಕಾರಣ ಅಲ್ಲ. ಫೋಕ್ಸ್‌ವ್ಯಾಗನ್ 2016ರ ಕೊನೆಯಲ್ಲಿ ಪೋಲೋ ಜಿಟಿಐ ತಂದಿತ್ತು, ಬರೀ 99 ಕಾರು, 25.65 ಲಕ್ಷಕ್ಕೆ. ಎರಡು ಬಾಗಿಲಿನ ಪುಟ್ಟ ಕಾರಿಗೆ ಅಷ್ಟು ಕೊಡಲು ಜನ ಮುಂದೆ ಬರಲಿಲ್ಲ. ಮುಂದಿನ ವರ್ಷವೇ ಬೆಲೆಯನ್ನು 20 ಲಕ್ಷದ ಒಳಗೆ ಇಳಿಸಿದರು. ಮೊದಲೇ ಕೊಂಡವರ ಗತಿ ಏನಾಯಿತು, ಯೋಚಿಸಿ. ಆರ್‌ಎಸ್ 230ಗೆ ಬೆಲೆ ನಿಂತದ್ದು ಅದು ನಾಲ್ಕು ಜನರ ಸಂಸಾರಕ್ಕೂ ಆಗುವ, ದೊಡ್ಡ ಡಿಕ್ಕಿಯ, ವೇಗದ ಕಾರು ಆದ್ದರಿಂದ. ಇಲ್ಲೇ ಜೋಡಿಸಿದ್ದರಿಂದ ಮೊದಲ ಬೆಲೆಯೂ ಹದವಾಗಿತ್ತು. ಅದರ ನಂತರ ಬಂದದ್ದೆಲ್ಲ ದುಬಾರಿ. 2020ರಲ್ಲಿ ಆರ್‌ಎಸ್ 245 ಪೂರ್ತಿ ಆಮದಾಗಿ ಬಂತು, 200 ಕಾರು, ಸುಮಾರು 36 ಲಕ್ಷ. 2023ರಲ್ಲಿ ಮಾಮೂಲಿ ಆಕ್ಟೇವಿಯಾ ಕೂಡ ಇಲ್ಲಿ ನಿಂತಿತು. 2025ರಲ್ಲಿ ಹೊಸ ಆರ್‌ಎಸ್ ಬಂದಾಗ 49.99 ಲಕ್ಷ, ಬರೀ 100 ಕಾರು. ಅದೇ ವರ್ಷದ ಗಾಲ್ಫ್ ಜಿಟಿಐ 53 ಲಕ್ಷ. ಐವತ್ತು ಲಕ್ಷದ ಒಳಗೆ ಈ ಥರದ ಪೆಟ್ರೋಲ್ ಕಾರು ಹುಡುಕುವವರಿಗೆ ಹಳೇ ಆರ್‌ಎಸ್ ಬಿಟ್ಟರೆ ಹೆಚ್ಚು ದಾರಿ ಉಳಿದಿಲ್ಲ. ಬೆಲೆ ನಿಂತಿರೋದು ಈ ಕಂಬದ ಮೇಲೆ.

ಆ ಕಂಬ ಅಲುಗಾಡಬಹುದು. ಯುರೋಪಿನ ಕಾರುಗಳ ಆಮದು ಸುಂಕ ಚೆನ್ನಾಗಿ ಇಳಿದರೆ, ಅಥವಾ ಯಾರಾದರೂ 30 ಲಕ್ಷಕ್ಕೆ ಇಂಥದ್ದೇ ಒಂದು ಕಾರು ಇಲ್ಲೇ ಮಾಡಿದರೆ, ಹಳೆಯದಕ್ಕೆ ಇಷ್ಟು ಕೊಡುವವರು ಕಡಿಮೆಯಾಗುತ್ತಾರೆ. ನೀವು ಮಾರುವ ಹೊತ್ತಿಗೆ ಕಾರಿಗೆ ಹದಿಮೂರು, ಹದಿನಾಲ್ಕು ವರ್ಷ ಆಗಿರುತ್ತದೆ. ಹದಿನೈದು ವರ್ಷಕ್ಕೆ ಆರ್‌ಸಿ ನವೀಕರಣ, ಫಿಟ್‌ನೆಸ್ ಬರುತ್ತದೆ, ಅದೂ ಕೊಳ್ಳುವವರ ಮನಸ್ಸಿನಲ್ಲಿ ಇರುತ್ತದೆ. ಇನ್ನೊಂದು ವಿಷಯ: ಈ ಕಾರು ಕೊಳ್ಳುವವರು ನಿಮ್ಮ ಹಾಗೇ ವಿಷಯ ತಿಳಿದವರು. ಗೇರ್‌ಬಾಕ್ಸ್ ಬಿಲ್ ಎಲ್ಲಿ ಅಂತ ಅವರೂ ಕೇಳುತ್ತಾರೆ. ಈಗ ಇಲ್ಲದ ದಾಖಲೆ ಆಗಲೂ ಇರೋದಿಲ್ಲ. ಒಬ್ಬರೇ ಮಾಲೀಕರ, ಪೂರ್ತಿ ಸ್ಟಾಕ್ ಇರುವ, ಎಲ್ಲ ಬಿಲ್ ಇರುವ ಕಾರಿನ ರೇಟೇ ಬೇರೆ. ಮಾರಾಟಗಾರರು ಆ ರೇಟು ತೋರಿಸಿ ಈ ಕಾರಿಗೆ 21 ಕೇಳುತ್ತಿದ್ದಾರೆ ಅಂತ ನನ್ನ ಅನಿಸಿಕೆ.

ಬಿಡಿಭಾಗದ ವಿಷಯದಲ್ಲಿ ಜನ ತಪ್ಪು ಜಾಗದಲ್ಲಿ ಹೆದರುತ್ತಾರೆ. ಎಂಜಿನ್ ಭಾಗಗಳಿಗೆ ಚಿಂತೆ ಬೇಡ. ಇದೇ ಇಎ888 ಕುಟುಂಬದ ಎಂಜಿನ್ ಸೂಪರ್ಬ್, ಕೋಡಿಯಾಕ್, ಟಿಗುವಾನ್‌ಗಳಲ್ಲಿ ಇದೆ. ಸಸ್ಪೆನ್ಷನ್ನಿನ ಎಷ್ಟೋ ಭಾಗ ಮಾಮೂಲಿ ಆಕ್ಟೇವಿಯಾದ್ದೇ ಆಗುತ್ತದೆ. ಕಾಯಬೇಕಾಗೋದು ಆರ್‌ಎಸ್‌ಗೆ ಅಂತಲೇ ಮಾಡಿದ ವಸ್ತುಗಳಿಗೆ: ಮುಂದಿನ ಬಂಪರ್, ಗ್ರಿಲ್, ಆ 18 ಇಂಚಿನ ಅಲಾಯ್, ಸೀಟು. ಬೈಕೊಂದು ತಗುಲಿ ಬಂಪರ್ ಸೀಳಿದ ಆರ್‌ಎಸ್ ಒಂದು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದನ್ನು ನೋಡಿದ್ದೇನೆ. ಎಂಜಿನ್ ಸೊಗಸಾಗಿತ್ತು, ಬಂಪರ್ ಬರಲಿಲ್ಲ. ನಿಮಗೆ ಮನೆಯಲ್ಲಿ ಇನ್ನೊಂದು ಗಾಡಿ ಇರೋದು ಇಲ್ಲಿ ದೊಡ್ಡ ಅನುಕೂಲ. ಇರೋದು ಇದೊಂದೇ ಕಾರು ಅಂದಿದ್ದರೆ ನಾನು ಬೇಡ ಅಂತಲೇ ಹೇಳುತ್ತಿದ್ದೆ.

ವಿಮೆಯ ವಿಷಯ ನೀವು ಕೇಳಿಲ್ಲ. ಆದರೆ ಜಾಸ್ತಿ ದುಡ್ಡು ಹೋಗುವ ಸಾಧ್ಯತೆ ಇರೋದು ಅಲ್ಲೇ. ಐದು ವರ್ಷ ದಾಟಿದ ಕಾರಿನ ಐಡಿವಿ, ಅಂದರೆ ವಿಮಾ ಕಂಪನಿ ಒಪ್ಪುವ ಬೆಲೆ, ನೀವೂ ಅವರೂ ಮಾತಾಡಿ ತೀರ್ಮಾನಿಸುವಂಥದ್ದು. ಅವರ ಕಂಪ್ಯೂಟರಿಗೆ ಇದು ಬರೀ ಹಳೇ ಆಕ್ಟೇವಿಯಾ. 21 ಲಕ್ಷ ಕೊಟ್ಟು ತಂದ ಕಾರಿಗೆ ಹತ್ತೋ ಹನ್ನೊಂದೋ ಲಕ್ಷ ಅಂತ ಬರೆದರೆ, ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ನಿಮಗೆ ಸಿಗೋದು ಅಷ್ಟೇ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಪೂರ್ತಿ ಜಖಂ ಅಂತ ಲೆಕ್ಕ. ಐಡಿವಿ ಕಡಿಮೆ ಇದ್ದಷ್ಟೂ ಆ ಗೆರೆ ಬೇಗ ಬರುತ್ತದೆ. ಅಡ್ವಾನ್ಸ್ ಕೊಡುವ ಮೊದಲೇ ಎರಡು ಮೂರು ಕಂಪನಿಗಳನ್ನು ಕೇಳಿ. ಎಷ್ಟು ಐಡಿವಿ ಕೊಡುತ್ತಾರೆ, ಝೀರೋ ಡೆಪ್, ಅಂದರೆ ಬಿಡಿಭಾಗಗಳ ಸವಕಳಿ ಕಳೆಯದೆ ಕೊಡುವ ವಿಮೆ, ಇಷ್ಟು ಹಳೇ ಕಾರಿಗೆ ಸಿಗುತ್ತದಾ ಅಂತ ಬರಹದಲ್ಲೇ ತಗೊಳ್ಳಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರೋದಿಲ್ಲ. ಕಾರು ಕೈಗೆ ಬಂದ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ರೀಮ್ಯಾಪ್ ಇನ್ನೂ ಇದ್ದು ಅದನ್ನು ತಿಳಿಸದಿದ್ದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರಬಹುದು. ಸ್ಕ್ಯಾನಿನಲ್ಲಿ ಸಾಫ್ಟ್‌ವೇರ್ ನಿಜವಾಗಿ ಸ್ಟಾಕ್ ಇದೆಯಾ ಅಂತ ಖಚಿತ ಮಾಡಿಸಿ ಅನ್ನೋದು ಇದಕ್ಕೂ ಸೇರಿ.

ಆರ್‌ಟಿಒ ಕೆಲಸ ಸುಲಭ. ಕರ್ನಾಟಕದ ಕಾರೇ ಆದ್ದರಿಂದ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕಿಲ್ಲ. ಮಾಲೀಕರ ಹೆಸರು ಬದಲಿಸಲು ಮುಖ್ಯವಾಗಿ ಬೇಕಾದದ್ದು ಫಾರಂ 29, 30. ಸಾಲ ಇದ್ದಿದ್ದರೆ, ಅದು ತೀರಿತು ಅನ್ನುವ ಬ್ಯಾಂಕಿನ ಫಾರಂ 35 ಕೇಳಿ. ದೆಹಲಿ ಕಡೆಯ ಕಾರು ಅಗ್ಗ ಸಿಗುತ್ತದೆ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ನೆನಪಿಡಿ: ಇಲ್ಲಿಗೆ ತಂದರೆ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷಕ್ಕೂ ಮೇಲಿನ ಹೊಸ ಕಾರಿಗೆ ನಮ್ಮಲ್ಲಿ ಶೇ. 18. ಕಾರಿನ ವಯಸ್ಸಿಗೆ ತಕ್ಕ ಹಾಗೆ ಕಡಿಮೆಯಾಗುತ್ತದೆ, ಆದರೂ ಉಳಿಸಿದ್ದೆಲ್ಲ ಅಲ್ಲೇ ಹೋಗಬಹುದು.

ಶಿರಸಿಯಲ್ಲಿ ಇಟ್ಟುಕೊಳ್ಳುವ ಬಗ್ಗೆ. ಇದು ಮಾಮೂಲಿ ಆಕ್ಟೇವಿಯಾಗಿಂತ ತಗ್ಗು. ಟೈರು 225/40, ಅಂದರೆ ಪಕ್ಕದ ಗೋಡೆ ತೀರಾ ತೆಳು. ಗುಂಡಿಗೆ ಬಿದ್ದರೆ ಟೈರಿನ ಪಕ್ಕೆ ಉಬ್ಬುತ್ತದೆ, ರಿಮ್ ಸೊಟ್ಟಗಾಗುತ್ತದೆ. ಮನೆಯಿಂದ ಡಾಂಬರು ರಸ್ತೆವರೆಗಿನ ದಾರಿ ಹೇಗಿದೆ? ಮಳೆಗಾಲದಲ್ಲಿ ಮಧ್ಯದ ದಿಣ್ಣೆ ಎಷ್ಟು ಎತ್ತರ? ಬೆಂಗಳೂರಿಗೆ ಹೋಗುವ ಮೊದಲು ಅದನ್ನು ಅಳೆದು ನೋಡಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿಗೆ ಟ್ರಿಕಲ್ ಚಾರ್ಜರ್ ಬೇಕು. ಇಲಿ ಕಾಟ ತಡೆಯಲೇಬೇಕು. ನಿಮ್ಮ ಕಡೆಯಿಂದ ಬರುವ ಕಾರುಗಳಲ್ಲಿ ಇಲಿ ಕಡಿದ ವೈರಿಂಗ್ ನಾನು ಬಹಳ ನೋಡಿದ್ದೇನೆ. ಪೆಟ್ರೋಲ್ ವಿಷಯವೂ ಇದೆ. ಈಗ ಬಂಕುಗಳಲ್ಲಿ ಸಿಗೋದು ಇ20, ಅಂದರೆ ಶೇ. 20ರವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲ್. ಇ20ಗೆ ಹೊಂದುವ ಭಾಗಗಳನ್ನು ಹಾಕಿದ ಕಾರುಗಳು ಇಲ್ಲಿ ಬಂದದ್ದು 2023ರ ಏಪ್ರಿಲ್ ನಂತರ. 2018ರ ಕಾರು ಅದಕ್ಕೆ ಅಂತ ಮಾಡಿದ್ದಲ್ಲ. ಹಾಗಂತ ನಾಳೆಯೇ ಕೆಡೋದಿಲ್ಲ. ಆದರೆ ಎಥೆನಾಲ್ ತೇವ ಹೀರುತ್ತದೆ. ನಿಮ್ಮ ಮಳೆಯ ಹವೆಯಲ್ಲಿ ಟ್ಯಾಂಕಿನಲ್ಲಿ ಅದೇ ಪೆಟ್ರೋಲನ್ನು ತಿಂಗಳುಗಟ್ಟಲೆ ಬಿಡಬೇಡಿ, ಪ್ರತಿ ಸರ್ವೀಸಿನಲ್ಲಿ ಇಂಧನದ ಪೈಪುಗಳನ್ನು ನೋಡಿಸಿ.

ಹಾಗಾದರೆ ತಗೊಳ್ಳಬೇಕಾ? ಕಾರು ಒಳ್ಳೆಯದು, ನಿಮ್ಮ ಆಸೆಯೂ ಸುಮ್ನೆ ಅಲ್ಲ. ನೀವು ಹೇಳಿದ ಸ್ಥಿತಿಯಲ್ಲಿ, ಕೇಳಿದ ಬೆಲೆಗೆ, ಈ ಕಾರು ಬೇಡ. ಗೇರ್‌ಬಾಕ್ಸ್ ಬಿಲ್ ಸಿಕ್ಕಿ, ಸ್ಕ್ಯಾನ್ ಶುದ್ಧವಾಗಿ ಬಂದರೆ ಮಾತು ಬೇರೆ, ಆಗ 19ರ ಹತ್ತಿರ ಮಾತಾಡಿ. ಬಿಲ್ ಇಲ್ಲ, ಆದರೆ ಕ್ಲಚ್ ಅಳತೆ ಚೆನ್ನಾಗಿದೆ ಅಂತಾದರೆ ಅದಕ್ಕಿಂತ ಚೆನ್ನಾಗಿ ಕೆಳಗೆ ಬರಬೇಕು. ಕೊಂಡ ವಾರದಲ್ಲೇ ಎಣ್ಣೆ, ಫಿಲ್ಟರ್ ಮಾಡಿಸಿ. ಯಾವ ಬೆಲೆಗೆ ಕೊಂಡರೂ ಬೇರೆಯಾಗಿ ಮೂರು ಲಕ್ಷ ಎತ್ತಿಡಿ. ಕ್ಲಚ್ ಅಥವಾ ಮೆಕಾಟ್ರಾನಿಕ್ ಹೋದರೆ ಖರ್ಚು ಲಕ್ಷ ದಾಟುತ್ತದೆ. ಆ ಮೂರು ಲಕ್ಷಕ್ಕೆ ಸಾಲ ಮಾಡಬೇಕಾಗುತ್ತದೆ ಅಂದರೆ ಈ ವರ್ಷ ಬಿಟ್ಟುಬಿಡಿ. ಸ್ಕ್ಯಾನ್ ಮಾಡಿಸೋಕೆ ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಕಾಯುವುದಾದರೆ, ಒಬ್ಬರೇ ಮಾಲೀಕರ ಸ್ಟಾಕ್ ಆರ್‌ಎಸ್‌ಗೆ ಕಾಯಿರಿ. ಒಂದೆರಡು ಲಕ್ಷ ಜಾಸ್ತಿ ಕೊಟ್ಟರೂ ಮಾರುವಾಗ ಅದು ವಾಪಸ್ ಬರುವ ಸಾಧ್ಯತೆ ಜಾಸ್ತಿ. ಓಡಿಸುವ ಸುಖ ಬೇಕು, ಆರ್‌ಎಸ್ ಬ್ಯಾಡ್ಜ್ ಬೇಕೇ ಬೇಕು ಅಂತಿಲ್ಲ ಅನ್ನೋದಾದರೆ 2021ರಿಂದ 2023ರವರೆಗೆ ಬಂದ ಆಕ್ಟೇವಿಯಾ 2.0 ಟಿಎಸ್‌ಐ ಒಮ್ಮೆ ಓಡಿಸಿ ನೋಡಿ. 190 ಪಿಎಸ್, 320 ನ್ಯೂಟನ್ ಮೀಟರ್, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಏಳು ಗೇರು. ನಿಮ್ಮ ದಾರಿಗೆ ಅದೇ ಹೆಚ್ಚು ಹೊಂದುತ್ತದೆ ಅಂತ ನನಗನಿಸುತ್ತದೆ, ಆದರೆ ಮನಸ್ಸು ಇರೋದು ಆರ್‌ಎಸ್ ಮೇಲೆ ಅನ್ನೋದೂ ಗೊತ್ತು.

ಭಾನುವಾರ ಕಾರು ನೋಡೋಕೆ ಹೋಗುವುದಾದರೆ ಬೇಡ, ವಾರದ ದಿನ ಹೋಗಿ. ಸ್ಕ್ಯಾನ್ ಮಾಡುವ ಗ್ಯಾರೇಜು ತೆರೆದಿರುತ್ತದೆ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಓಡಿಸಿದರೆ ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಹೇಗಿರುತ್ತದೆ ಅನ್ನೋದೂ ಗೊತ್ತಾಗುತ್ತದೆ. ಭಾವನನ್ನೂ ಕರೆದುಕೊಂಡು ಹೋಗಿ. ಅನುಮಾನ ಇರೋರು ಒಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು.